ಯಾರು ಬರೆದದ್ದು?

"ಇವೆರಡನ್ನೂ ಬರೆದವರು ಒಬ್ಬರೇ ಅನ್ನಿಸುತ್ತಿದೆ," ಎಂದು ಪ್ರೊಫೆಸರಮ್ಮ ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದು, ಬ್ರೇಕ್ ಪರೀಕ್ಷೆಯ ಹಳೆಯ ವರದಿ. ಇನ್ನೊಂದು, ಬಸಲಿಂಗಯ್ಯನಿಗೆ ಅವನ ಮೇಲಧಿಕಾರಿ ಸ್ವರೂಪ್ ಕೊಟ್ಟ ಅನುಭವ ಪತ್ರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಸಲಿಂಗಯ್ಯನ ಕೈ ತಾನಾಗಿಯೇ ಶರ್ಟಿನ ಕಾಲರಿಗೆ ಹೋಯಿತು.

ನಲವತ್ನಾಲ್ಕನೆಯ ವಯಸ್ಸಿನಲ್ಲಿ, ಕೈಯಲ್ಲಿ ಪದವಿಯಿಲ್ಲದೆ, ನೇರವಾಗಿ ಮಾಸ್ಟರ್ಸ್ ಸೀಟು ಕೇಳಲು ಬಂದಿದ್ದ ಅವನು. ಪಾಯವಿಲ್ಲದೆ ಮಾಳಿಗೆ ಕಟ್ಟಲು ಹೊರಟಿದ್ದಾನೆ ಎಂದು ತನ್ನೂರು ಗದಗಿನಲ್ಲಾದರೆ ನಗುತ್ತಿದ್ದರು. ಇಲ್ಲಿ, ಜರ್ಮನಿಯ ಈ ಯೂನಿವರ್ಸಿಟಿಯಲ್ಲಿ, ಈ ಒಂದು ಕೋರ್ಸಿಗೆ ದಾರಿಯಿತ್ತು: ಬ್ಯಾಚುಲರ್ ಪದವಿ ಇಲ್ಲದವರೂ ವರ್ಷಗಟ್ಟಲೆಯ ಅನುಭವ ತೋರಿಸಿ, ಸಂದರ್ಶನದಲ್ಲಿ ಪಾಸಾದರೆ ಸೇರಬಹುದು. ಅನುಭವಕ್ಕೇನು ಬರ? ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಕಂಪನಿ ಕಳಿಸಿದ ಮೇಲೆ ರೆನ್ನಿಂಗೆನ್ ಹತ್ತಿರದ ಸಣ್ಣ ಲ್ಯಾಬಿಗೆ ಬಂದು, ಹನ್ನೊಂದು ವರ್ಷ ಬ್ರೇಕು ಸುಟ್ಟ ವಾಸನೆ ಕುಡಿದವನು. ಪರೀಕ್ಷೆ ಮಾಡುವವನೂ ಅವನೇ, ವರದಿ ಬರೆಯುವವನೂ ಅವನೇ. ಆದರೆ ಪದವೀಧರ ಎಂಜಿನಿಯರೇ ಸಹಿ ಹಾಕಬೇಕೆಂಬುದು ಕಂಪನಿಯ ನಿಯಮ. ಹಾಗಾಗಿ ಅಷ್ಟೂ ವರದಿಗಳ ಮೇಲೆ ಸ್ವರೂಪನ ಹೆಸರು. ತಾನು ಬರೆದದ್ದರ ಮೇಲೆ ಒಮ್ಮೆಯಾದರೂ ತನ್ನ ಹೆಸರಿರಬೇಕು ಎಂಬುದೇ ಬಸಲಿಂಗಯ್ಯನ ಆಸೆ. ಅದು ಸಣ್ಣದಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಎರಡು ತಿಂಗಳ ಹಿಂದೆ ಕ್ಯಾಂಟೀನಿನಲ್ಲಿ ಸ್ವರೂಪನನ್ನು ಕೇಳಿದ್ದ.

"ಸರ್, ರಿಪೋರ್ಟ್ ಎಲ್ಲಾ ನಾನ ಬರ್ದೇನಿ ಅಂತ ನೀವೊಂದು ಲೆಟರ್ ಕೊಟ್ರ ಭಾಳ ಉಪಕಾರ ಆಗ್ತೈತ್ರಿ. ಯೂನಿವರ್ಸಿಟಿಯವ್ರು ಪ್ರೂಫ್ ಕೇಳ್ತಾರ."

ಸ್ವರೂಪ್ ಮೈಸೂರಿನವನು, ಬಸಲಿಂಗಯ್ಯನಿಗಿಂತ ಐದು ವರ್ಷ ಚಿಕ್ಕವನು. ಕೆಟ್ಟವನಲ್ಲ. ಕೇಳಿದ್ದಕ್ಕೆ ಇಲ್ಲವೆನ್ನುವ ಜಾಯಮಾನವೇ ಅವನದಲ್ಲ.

"ಅಯ್ಯೋ, ಅದಕ್ಕೇನಂತೆ! ಇರೋದನ್ನ ಹೇಳೋಕೇನು? ನೀವೇ ಒಂದು ಡ್ರಾಫ್ಟ್ ಮಾಡ್ಕೊಂಡ್ ಬಂದ್ಬಿಡಿ, ನಾನ್ ಸೈನ್ ಹಾಕ್ತೀನಿ. ನಮ್ ಕಾಲೇಜಲ್ಲೂ ಹಂಗೇ ಅಲ್ವಾ, ಪ್ರೊಫೆಸರ್ ಎಲ್ಲಿ ಬರೀತಿದ್ರು?"

ಇಬ್ಬರಿಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಪತ್ರ ಬೇಕಾದವರು ಬರೆದು ತರುವುದು, ದೊಡ್ಡವರು ಸಹಿ ಹಾಕುವುದು. ನಮ್ಮಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ತನ್ನನ್ನು ತಾನೇ ಹೊಗಳಿಕೊಳ್ಳಲು ಬಸಲಿಂಗಯ್ಯನಿಗೆ ಮೂರು ಸಂಜೆ ಹಿಡಿಯಿತು. ಸಹಿ ಹಾಕಲು ಸ್ವರೂಪನಿಗೆ ನಿಂತಲ್ಲೇ ಅರ್ಧ ನಿಮಿಷ. ಎರಡನೆಯ ಪುಟವನ್ನು ಅವನು ಓದಲೂ ಇಲ್ಲ.

ಈಗ ಪ್ರೊಫೆಸರಮ್ಮ ಬೆರಳಿಟ್ಟಿದ್ದು ಆ ಎರಡನೆಯ ಪುಟದ ಮೇಲೆ.

"ನೀವು ಕಳಿಸಿದ ವರದಿಗಳನ್ನೆಲ್ಲ ಓದಿದೆ. ಪ್ರತಿಯೊಂದರ ಕೊನೆಯಲ್ಲೂ ಒಂದು ಪ್ಯಾರಾ ಇದೆ, ಈ ಪರೀಕ್ಷೆಯಿಂದ ಏನೇನು ತಿಳಿಯುವುದಿಲ್ಲ ಎಂದು. ಬೇರೆ ಯಾರೂ ಹೀಗೆ ಬರೆದದ್ದನ್ನು ನಾನು ನೋಡಿಲ್ಲ. ಇನ್ನು ಈ ಪತ್ರ. ಹೊಗಳಿಕೆಯೆಲ್ಲ ಮುಗಿದ ಮೇಲೆ ನಿಮ್ಮ ಮೇಲಧಿಕಾರಿ ಹೇಳುತ್ತಾರೆ: 'ಇವರ ಗಣಿತ ಡಿಪ್ಲೊಮಾ ಮಟ್ಟದ್ದು. ಅದರಿಂದಾಚೆಗೆ ಎಷ್ಟು ಬರುತ್ತದೆ ಎಂದು ನಾನು ಪರೀಕ್ಷಿಸಿಲ್ಲ.'"

ಬಸಲಿಂಗಯ್ಯನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಕೊರತೆ ಹೇಳದೆ ವರದಿ ಮುಗಿಸಿ ಅವನಿಗೆ ಅಭ್ಯಾಸವಿರಲಿಲ್ಲ. ತನ್ನ ವಿಷಯದಲ್ಲೂ ಕೈ ಅದನ್ನೇ ಮಾಡಿತ್ತು.

"ಹೆರ್ ಬಸಲಿಂಗಯ್ಯ, ಈ ಪತ್ರ ಬರೆದವರು ಯಾರು?" ಶ್ರೀಯುತ ಎಂಬರ್ಥದ ಆ 'ಹೆರ್'ನಲ್ಲಾಗಲಿ, ಆಕೆಯ ದನಿಯಲ್ಲಾಗಲಿ ಸಿಟ್ಟಿರಲಿಲ್ಲ. ರೈಲಿನ ವೇಳೆ ಕೇಳುವವರಂತೆ ಕೇಳಿದರು.

ಅತ್ತ ದರಿ, ಇತ್ತ ಪುಲಿ. ಸ್ವರೂಪ್ ಬರೆದದ್ದು ಎಂದರೆ ವರದಿಗಳೂ ಸ್ವರೂಪನವಾಗುತ್ತವೆ; ಹನ್ನೊಂದು ವರ್ಷ ಒಂದೇ ಮಾತಿನಲ್ಲಿ ಹೋಗುತ್ತದೆ. ನಾನೇ ಬರೆದದ್ದು ಎಂದರೆ ಸುಳ್ಳು ದಾಖಲೆ ತಂದವನೆಂದು ಇವರು ಕಡತ ಮುಚ್ಚಬಹುದು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಾರದ ಸಿಟ್ಟು ಸ್ವರೂಪನ ಮೇಲೆ ಬಂತು. ಎರಡೇ ಪುಟ! ಅಷ್ಟನ್ನು ತಾನೇ ಬರೆದುಕೊಟ್ಟಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಸಿಟ್ಟಿನ ಬೆನ್ನಿಗೇ ನಾಚಿಕೆಯೂ ಬಂತು. ಬರೆದುಕೊಂಡು ಹೋಗಿ ಕೈಮುಗಿದು ನಿಂತವನು ತಾನೇ ಅಲ್ಲವೇ?

"ನಾನೇ ಬರೆದದ್ದು," ಎಂದ.

"ವರದಿಗಳು?"

"ಅವನ್ನೂ ನಾನೇ ಬರೆದದ್ದು."

ಪ್ರೊಫೆಸರಮ್ಮ ಪೆನ್ಸಿಲ್ ತೆಗೆದುಕೊಂಡು ಅರ್ಜಿಯ ಅಂಚಿನಲ್ಲಿ ಏನೋ ಗುರುತು ಹಾಕಿದರು. ಅದು ಸರಿಯ ಗುರುತೋ ತಪ್ಪಿನದೋ ಬಸಲಿಂಗಯ್ಯನಿಗೆ ಕಾಣಲಿಲ್ಲ. ಆಮೇಲೆ ಕನ್ನಡಕ ತೆಗೆದು ಅವನನ್ನೇ ನೋಡಿದರು.

"ಹಾಗಾದರೆ ಇವುಗಳಲ್ಲಿ ನಿಮ್ಮ ಮೇಲಧಿಕಾರಿ ಬರೆದದ್ದು ಯಾವುದು?"

ಬಸಲಿಂಗಯ್ಯ ಎರಡೂ ಕಾಗದಗಳನ್ನು ಮತ್ತೊಮ್ಮೆ ನೋಡಿದ. ಅವನಿಗೆ ಸುಳ್ಳು ಹೇಳುವುದು ಬೇಕಿರಲಿಲ್ಲ, ಚಾಡಿ ಹೇಳುವುದೂ ಬೇಕಿರಲಿಲ್ಲ. ವರದಿ ಒಪ್ಪಿಸುವಾಗಿನ ಅದೇ ದನಿಯಲ್ಲಿ ಹೇಳಿದ:

"ಸಹಿ ಮಾತ್ರ ನಿಜವಾಗಿಯೂ ಅವರದೇ. ಎರಡರಲ್ಲೂ."