ನಿಕಲ್‌ಗೆ ಕಾದಿಟ್ಟ ಜಾಗ

ಮತ್ತೆ ನೀಲಿ. ಅಶ್ಮಿತಾ ಬೀಕರನ್ನು ಬೆಳಕಿಗೆ ಹಿಡಿದು, ಓರೆಗಣ್ಣಿನಿಂದ ರಿತೇಶನನ್ನು ನೋಡಿದಳು. ಅವನು ಶಿಳ್ಳೆ ಹಾಕುತ್ತಿದ್ದ.

ನೆರೂಳಿನ ಆ ಲ್ಯಾಬಿನಲ್ಲಿ ಪಿಎಚ್‌.ಡಿ.ಗೆ ದುಡಿಯುತ್ತಿದ್ದವರು ಇವರಿಬ್ಬರೇ. ಅಶ್ಮಿತಾ ಕಟ್ಟಿದ್ದು ಬಳೆಯಾಕಾರದ ಅಣು. ಅದರ ನಡುವೆ ಲೋಹವೊಂದು ಕೂತರೆ ಸುಲಭಕ್ಕೆ ಏಳುವುದಿಲ್ಲ. ನಿಕಲ್ ಕೂತು ದ್ರಾವಣ ಹಳದಿಯಾಗಬೇಕಿತ್ತು. ನಿಕಲ್ ಹಾಕುವ ಮೊದಲೇ ನೀಲಿ! ನೀಲಿಯೆಂದರೆ ತಾಮ್ರ. ತಾಮ್ರವೆಂದರೆ ರಿತೇಶ್; ಅವನ ಮೇಜಿನ ತುಂಬ ಅದರದ್ದೇ ಲವಣಗಳು.

"ಕ್ಯಾ ಕರೇಂ ದೀದಿ, ನಿಮ್ಮ ಬಳೆಗೆ ನನ್ನ ತಾಮ್ರದ ಮೇಲೇ ಮನಸ್ಸು," ಎಂದು ನಕ್ಕ.

ಅವಳಿಗೆ ನಗು ಬರಲಿಲ್ಲ. ಈ ತಿಂಗಳು ಹಳದಿ ಬಾರದಿದ್ದರೆ ವಿಷಯವನ್ನೇ ಬದಲಿಸಿ ಎಂದಿದ್ದರು ಗೈಡ್. ಮೂರು ವರ್ಷದ ದುಡಿಮೆ ನೀರುಪಾಲು.

ನಿಕಲ್ ಹಾಕುವ ಮೊದಲು ದ್ರಾವಣ ಒಂದು ರಾತ್ರಿ ಅಲುಗದೆ ಇರಬೇಕು. ಲ್ಯಾಬಿನ ಕಪಾಟಿನ ಕೀಲಿ ರಿತೇಶನ ಬಳಿಯೂ ಇದ್ದುದರಿಂದ, ಅದನ್ನು ಕಪ್ಪು ಪ್ಲಾಸ್ಟಿಕ್ ಬಾಟಲಿಯಲ್ಲಿ ಡೊಂಬಿವಲಿಯ ಮನೆಗೇ ಒಯ್ಯುತ್ತಿದ್ದಳು. ಅತ್ತೆ ದಮಯಂತಿ ಮೊದಲ ದಿನ ಬಾಟಲಿ ನೋಡಿ ಮುಖ ಸಿಂಡರಿಸಿದರೂ, ತಮ್ಮ ಹೊರತು ಯಾರೂ ಕಾಲಿಡದ ದೇವರ ಕೋಣೆಯಲ್ಲಿ ಜಾಗ ಕೊಟ್ಟಿದ್ದರು. ಬೆಳಿಗ್ಗೆ ತಾವೇ ಒರೆಸಿ, ಊಟದ ಡಬ್ಬಿಯ ಪಕ್ಕ ಚೀಲದಲ್ಲಿಡುತ್ತಿದ್ದರು. ಅಲ್ಲಿಯವರೆಗೆ ಭಯವಿಲ್ಲ. ಗೈಡ್ ಕರೆದಾಗ ಚೀಲ ಲ್ಯಾಬಿನ ಮೇಜಿನ ಮೇಲೆ ಉಳಿಯುತ್ತಿತ್ತಲ್ಲ, ಆಗಲೇ ರಿತೇಶನ ಕೈಚಳಕ.

ಮರುವಾರ ಅವಳು ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಥಾಣೆಯಲ್ಲಿ ಗಾಡಿ ಬದಲಿಸುವಾಗಲೂ ಎದೆಗವಚಿಕೊಂಡಿದ್ದಳು. ಲ್ಯಾಬಿನಲ್ಲಿ ರಿತೇಶ್ ಇರಲಿಲ್ಲ. ಜ್ವರ ಬಂದು ಬದಲಾಪುರದ ಮನೆಯಲ್ಲಿ ಮಲಗಿದ್ದ. ಅಶ್ಮಿತಾ ನಿರಾಳವಾಗಿ ಬಾಟಲಿ ಬಗ್ಗಿಸಿದಳು.

ನೀಲಿ.

ತನ್ನ ಬಳೆ-ಅಣುವಿನ ಉಳಿದಿದ್ದ ಪುಡಿಯನ್ನೆಲ್ಲ ಬಳಿದು ಕೊನೆಯ ದ್ರಾವಣ ಮಾಡಿಕೊಂಡು ಸಂಜೆ ಮನೆಗೆ ಬಂದಳು. ಬಾಟಲಿಯನ್ನು ಅತ್ತೆಯ ಕೈಗಿತ್ತಳು.

"ಇದೇ ಕೊನೇದು ಅತ್ತೆ. ಇದೂ ಕೆಟ್ಟರೆ ಎಲ್ಲ ಮುಗೀತು."

"ಕೆಡುದು ಹೇಗೆ ಮಾರಾಯ್ತಿ? ನಾನಿಲ್ವಾ?" ದಮಯಂತಿ ಬಾಟಲಿಯ ಮುಚ್ಚಳ ತಿರುಗಿಸುತ್ತ ದೇವರ ಕೋಣೆಯತ್ತ ನಡೆದರು. "ದೇವರ ಎದುರು ಪ್ಲಾಸ್ಟಿಕ್ ಇಡ್ಲಿಕ್ಕೆ ಆಗ್ತದಾ? ಪ್ರತಿ ಸಲ ತಾಮ್ರದ ಗಿಂಡಿಗೇ ಹೊಯ್ದಿಡುದು ನಾನು. ಬೆಳಿಗ್ಗೆ ನೋಡ್ಬೇಕು ನೀನು, ಸಾಕ್ಷಾತ್ ಕೃಷ್ಣನ ಬಣ್ಣ!"