ನೀರುನಾಯಿಯ ಎಡಗಾಲು

ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೂಟಿನಂಗಡಿಯವನು ಮರದ ಪಾದವನ್ನು ಒತ್ತಿದ. ಎತ್ತಿದ. ಐದು ಬೆರಳು, ಬೆರಳ ನಡುವೆ ಪೊರೆ, ತುದಿಯಲ್ಲಿ ಉಗುರಿನ ಚುಕ್ಕೆ. ಒಂದು ಗೇಣು ಮುಂದೆ ಹೋಗಿ ಮತ್ತೆ ಒತ್ತಿದ. ಬೆಳಕು ಹರಿಯುವಷ್ಟರಲ್ಲಿ, ಜಗತ್ತಿನಲ್ಲೇ ಇಲ್ಲದ ಒಂದು ನೀರುನಾಯಿ ಹಳ್ಳದಿಂದ ಎದ್ದು ಅವನ ಹಿತ್ತಿಲವರೆಗೆ ನಡೆದುಬಂದಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದುಕೊಂಡು ಅವನು ಕೈ ತೊಳೆದ.

ಪುರಸಭೆಯವರು ಆ ಹಿತ್ತಿಲಲ್ಲಿ ಕಾಲುವೆ ತೋಡಲು ಹೊರಟಿದ್ದರು. ಮಳೆಗಾಲದಲ್ಲಿ ಹಳ್ಳ ಉಕ್ಕಿ ಕೆಳಬೀದಿಗೆ ನುಗ್ಗುತ್ತದೆ, ಹೆಚ್ಚಾದ ನೀರಿಗೆ ಬೇರೆ ದಾರಿ ಬೇಕು ಎಂಬುದು ಅವರ ವಾದ. ಮಾವ ಕಟ್ಟಿಸಿಕೊಟ್ಟ ಮನೆ, ಮುಂದೆ ಅಂಗಡಿ, ಹಿಂದೆ ಚರ್ಮ ಒಣಗಿಸುವ ಹಿತ್ತಿಲು. ಅವನ ಬದುಕೆಲ್ಲ ಇಷ್ಟೇ. ಹಿತ್ತಿಲಲ್ಲಿ ಅರ್ಧ ಹೋದರೂ ಅವನ ಪಾಲಿಗೆ ಪ್ರಾಣದಲ್ಲಿ ಅರ್ಧ ಹೋದಂತೆ. "ನೀವು ಒಪ್ಪದೆ ಅಗೆಯೋದಿಲ್ಲ" ಎಂದು ಅವರು ಹೇಳಿದ್ದರು. ಅಧಿಕಾರಿಗಳ ಮಾತನ್ನು ನಂಬುವ ಆಸಾಮಿಯಲ್ಲ ಅವನು. ನೀರುನಾಯಿ ಇರುವ ದಡವನ್ನು ಅಗೆಯುವಂತಿಲ್ಲ ಎಂಬ ನಿಯಮ ಪುರಸಭೆಯ ಗೋಡೆಯ ಮೇಲೇ ಬರೆದಿತ್ತು. ಮುಂದಿನ ಸಾಲುಗಳನ್ನು ಓದುವ ತಾಳ್ಮೆ ಅವನಿಗಿರಲಿಲ್ಲ. ಪುರಸಭೆ ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರುವವನು ಎಂದು ಬೀಗುತ್ತ ಹೋಗಿ ನೀರುನಾಯಿಯ ಸುದ್ದಿ ಮುಟ್ಟಿಸಿಬಂದ.

ವಿಚಾರಣೆಗೆ ಬಂದವಳು ಪುರಸಭೆಯ ಹಳ್ಳದ ಇನ್‌ಸ್ಪೆಕ್ಟರು. ಅವನು ಅವಳಿಗಿಟ್ಟ ಹೆಸರು ಹಳ್ಳದಮ್ಮ. ಅವಳ ತಾಯಿ ಇರುವುದು ಕೆಳಬೀದಿಯಲ್ಲಿ. ಕಳೆದ ಮಳೆಯಲ್ಲಿ ಆ ಮುದುಕಿಯನ್ನು ಛಾವಣಿಯ ಮೇಲಿಂದ ಇಳಿಸಿದ್ದರು.

"ಬನ್ನಿ ಬನ್ನಿ," ಎಂದ ಅವನು. "ನಿಮ್ಮಮ್ಮನ ಮನೆ ಒಣಗಿಸೋಕೆ ನನ್ನ ಮನೆ ಮುಳುಗಿಸೋರು ನೀವೇ ಅಲ್ವಾ?"

ಅವಳ ಮುಖ ಕೆಂಪಾಯಿತು. ಹೆಜ್ಜೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಎಲ್ಲಾ ಎಡಗಾಲೇ ಇದೆಯಲ್ಲ, ಯಜಮಾನ್ರೇ?"

ಅವನೂ ಬಗ್ಗಿ ನೋಡಿದ. ಜೀವಮಾನವೆಲ್ಲ ಜೋಡಿ ಲೆಕ್ಕದಲ್ಲೇ ಬೂಟು ಹೊಲಿದವನು, ಪ್ರಾಣಿಯ ಎಡ ಬಲ ಯಾರು ನೋಡುತ್ತಾರೆ ಎಂದು ಒಂದೇ ಪಾದ ಕೆತ್ತಿದ್ದ.

"ಕುಂಟಿರಬೇಕು," ಎಂದ.

"ಇರಬಹುದು. ನಾಳೆ ಪ್ರಾಣಿತಜ್ಞರನ್ನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೂ ಇಲ್ಲಿ ಹಗ್ಗ ಕಟ್ಟಿ ಕಾವಲು ಹಾಕ್ತೀವಿ. ಯಾರೂ ಇಳಿಯೋ ಹಾಗಿಲ್ಲ. ನೀವೂ ಅಷ್ಟೇ."

ಹೊರಡುವಾಗ ಅಂಗಡಿಯ ಕಸದ ಬುಟ್ಟಿಯಿಂದ ಅವಳು ಒಂದು ಮರದ ತುಂಡು ಎತ್ತಿಕೊಂಡಳು. "ಇದು ಬೇಡದೇ ಇದ್ರೆ ತಗೊಳ್ಲಾ? ಆಫೀಸಲ್ಲಿ ಫ್ಯಾನಿನ ಗಾಳಿಗೆ ಕಾಗದ ನಿಲ್ಲಲ್ಲ."

"ತಗೊಳ್ಳಿ. ಕಂಡೋರದ್ದು ತಗೊಂಡು ಹೋಗೋದು ನಿಮಗೇನು ಹೊಸದಾ?"

ಅವಳು ಮರೆಯಾದ ಕೂಡಲೇ ಹೆಂಡತಿ ಹಣೆ ಚಚ್ಚಿಕೊಂಡಳು. "ಅಲ್ರೀ, ಗಿರಾಕಿಗೆ ಒಂದೇ ಕಾಲಿನ ಬೂಟು ಕೊಡ್ತಿದ್ರಾ? ನಿಮ್ಮ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

ಇನ್ನೊಂದು ಪಾದ ಕೆತ್ತುವುದು ಅವನಿಗೆ ಕಷ್ಟವಿರಲಿಲ್ಲ. ಒತ್ತುವುದು ಹೇಗೆ? ಹಗ್ಗದ ಬಳಿ ಪುರಸಭೆಯ ಕಾವಲುಗಾರ ಗೂಟದಂತೆ ನಿಂತಿದ್ದ. ನಾಳೆ ತನ್ನ ಮಾನ, ಹಿತ್ತಿಲು ಎರಡೂ ಹಳ್ಳದ ಪಾಲು ಎಂದು ಅವನಿಗೆ ಖಾತ್ರಿಯಾಯಿತು.

ಬೆಳಿಗ್ಗೆ ತಜ್ಞ ಕನ್ನಡಕ ಏರಿಸಿ ಕೆಸರಿನತ್ತ ಬಗ್ಗಿದ.

"ಎಡ, ಬಲ. ಎಡ, ಬಲ. ಒಳ್ಳೇ ದಷ್ಟಪುಷ್ಟ ಗಂಡು!"

ಬೂಟಿನವನು ಕತ್ತು ಚಾಚಿದ. ಅವನ ಎಡಗಾಲುಗಳ ನಡುನಡುವೆ ತೇವ ಆರದ ಬಲಗಾಲುಗಳು! ಕಾವಲುಗಾರ ಆಣೆಯಿಟ್ಟು ಹೇಳಿದ: "ಹೊರಗಿನೋರು ಒಬ್ಬರೂ ಕಾಲಿಟ್ಟಿಲ್ಲ, ಸಾರ್."

ಅವನ ಮೈ ನವಿರೆದ್ದಿತು. ನಿಜವಾದ ನೀರುನಾಯಿ ಬಂದಿದೆ. ಸುಳ್ಳು ಹೆಜ್ಜೆಯ ಜಾಡು ಹಿಡಿದು ಬಂದು ತನ್ನ ಮಾನ ಕಾದಿದೆ. ಪಾಪದ ಪ್ರಾಣಿ! ಕಣ್ಣು ತುಂಬಿಬಂತು.

"ಕಣ್ಣಾರೆ ನೋಡಿದೀನಿ ನಾನು," ಎಂದ, ಯಾರೂ ಕೇಳದಿದ್ದರೂ. "ಮರಿಗಳೂ ಇದಾವೆ."

"ಮಧ್ಯಾಹ್ನ ಪುರಸಭೆಯ ಸಭೇಲೂ ಹೀಗೇ ಹೇಳ್ತೀರಾ?" ಎಂದಳು ಹಳ್ಳದಮ್ಮ.

"ಎದೆ ತಟ್ಟಿ ಹೇಳ್ತೀನಿ!"

ಅದೇ ಮಧ್ಯಾಹ್ನ ತುಂಬಿದ ಸಭೆಯಲ್ಲಿ ಎದೆ ತಟ್ಟಿಯೇ ಹೇಳಿದ. ಕಾಲುವೆ ಕೈಬಿಟ್ಟಿದ್ದೇವೆ ಎಂದರು ಅಧ್ಯಕ್ಷರು. ಅವನು ಮೀಸೆ ತಿರುವುತ್ತ ಹೆಂಡತಿಯತ್ತ ನೋಡಿದ. ಅಷ್ಟರಲ್ಲಿ ಹಳ್ಳದಮ್ಮ ಎದ್ದುನಿಂತಳು.

"ನೀರುನಾಯಿ ಇರೋ ದಡ ಅಗೆಯೋ ಹಾಗಿಲ್ಲ. ಅಲ್ಲಿ ಜನ ಇರೋ ಹಾಗೂ ಇಲ್ಲ. ಮನೆ, ಅಂಗಡಿ, ಹಿತ್ತಿಲು ಎಲ್ಲಾ ತೆರವು. ಉಕ್ಕಿದ ಹಳ್ಳ ಇನ್ಮೇಲೆ ಅಲ್ಲೇ ಹರಡಿಕೊಳ್ಳುತ್ತೆ, ಕೆಳಬೀದಿಗೆ ಬರಲ್ಲ." ಅವಳು ಅವನತ್ತ ತಿರುಗಿದಳು. "ಕಾಲುವೆಗೆ ನಿಮ್ಮ ಒಪ್ಪಿಗೆ ಬೇಕಿತ್ತು, ಯಜಮಾನ್ರೇ. ಇದಕ್ಕೆ ಬೇಡ."

ಅವನು ದಡಬಡಿಸಿ ಎದ್ದ. ಮನೆಯಲ್ಲಿಟ್ಟರೆ ಸಿಕ್ಕಿಬೀಳುವೆನೆಂದು ಜೇಬಿನಲ್ಲೇ ಇಟ್ಟುಕೊಂಡಿದ್ದ ಮರದ ಪಾದವನ್ನು ಎಳೆದು ತಜ್ಞನ ಮುಂದೆ ಕುಕ್ಕಿದ.

"ಸುಳ್ಳು! ನೀರುನಾಯಿನೂ ಇಲ್ಲ, ಮಣ್ಣೂ ಇಲ್ಲ. ನಾನೇ ಒತ್ತಿದ್ದು, ಇದ್ರಲ್ಲೇ!"

ತಜ್ಞ ಅದನ್ನು ತಿರುಗಿಸಿ ನೋಡಿದ. "ಇದು ಎಡಗಾಲು. ಬಲಗಾಲು ಎಲ್ಲಿ?"

"ಅದು... ಅದು ನಾನಲ್ಲ."

ಸಭೆ ಗೊಳ್ಳೆಂದಿತು. "ಮನೆ ಹೋಗುತ್ತೆ ಅಂದಕೂಡ್ಲೇ ಮರಿ ಸಮೇತ ನೀರುನಾಯಿನೇ ಮಾಯನಾ, ಸ್ವಾಮಿ?" ಎಂದರು ಅಧ್ಯಕ್ಷರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜೀವಮಾನದಲ್ಲಿ ಪುರಸಭೆಯ ಮುಂದೆ ಅವನು ಆಡಿದ ಒಂದೇ ಒಂದು ನಿಜವನ್ನು ಯಾರೂ ನಂಬಲಿಲ್ಲ.

ತೂರಾಡುತ್ತ ಅವನು ಹಳ್ಳದಮ್ಮನ ಮೇಜಿನ ಬಳಿ ಹೋದ. "ತಾಯೀ, ನಿಮಗಾದ್ರೂ ಗೊತ್ತಲ್ಲ, ಅದು ಸುಳ್ಳು ಅಂತ."

"ಇಲ್ಲಿ ಸಹಿ ಹಾಕಿ," ಎಂದಳು ಅವಳು. ಫ್ಯಾನಿನ ಗಾಳಿಗೆ ಕಾಗದ ಪಟಪಟನೆ ಹೊಡೆದುಕೊಳ್ಳುತ್ತಿತ್ತು.

ಅದರ ಮೇಲಿಟ್ಟಿದ್ದ ಭಾರವನ್ನು ಅವಳು ಅವನೊಬ್ಬನಿಗೇ ಕಾಣುವಂತೆ ಎತ್ತಿದಳು: ಅವನ ಬುಟ್ಟಿಯದೇ ಮರದ ತುಂಡು, ಅಡಿಯಲ್ಲಿ ಐದು ಬೆರಳು, ಇನ್ನೂ ಒಣಗದ ಕೆಸರು, ಬಲಗಾಲು.