ಯಾರೂ ಬಳಸದ ಗಳಿಗೆ

ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕೂತು ಮಂದಾಕಿನಿ ರಾಹುಕಾಲ ತೋರಿಸುವ ‘ಗಳಿಗೆ’ ಎಂಬ ಆ್ಯಪ್ ಮಾಡಿ ಆರು ವರ್ಷವಾಗಿತ್ತು. ಹೋದ ವರ್ಷವಷ್ಟೇ ಅದೇ ಹೆಸರಿನ ಕೈಗಡಿಯಾರ ತಂದ ದೊಡ್ಡ ಕಂಪನಿ, ಹೆಸರು ತನ್ನದೆಂದು ಅವಳ ಮೇಲೇ ತಕರಾರು ಹೂಡಿತು.

ಶುಕ್ರವಾರ ಹನ್ನೊಂದಕ್ಕೆ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ, ಅಧಿಕಾರಿಯ ಮುಂದೆ ವಿಚಾರಣೆ. ಕಂಪನಿಯ ವಕೀಲರು ಮೇಜು ಗುದ್ದಿದರು.

“ಸರ್, ಈಯಮ್ಮನ ಆ್ಯಪನ್ನ ಒಂದು ನರಪಿಳ್ಳೇನೂ ಬಳಸಲ್ಲ. ಹೆಸರಿನ ಮೇಲೆ ಇವರಿಗೆಂಥ ಹಕ್ಕು?”

“ಬಳಸ್ತಾರೆ ಸರ್,” ಎಂದಳು ಮಂದಾಕಿನಿ. ಯಾರು ಎಂದು ಕೇಳಿದರೆ ಹೇಳಲು ಅವಳಿಗೆ ತನ್ನ ಅಮ್ಮನ ಹೊರತು ಯಾರೂ ನೆನಪಾಗಲಿಲ್ಲ.

ಅಧಿಕಾರಿ ವಕೀಲರತ್ತ ಹಾಳೆ ತಳ್ಳಿದರು. “ಯಾರೂ ಬಳಸಲ್ಲ ಅಂತ ಬರೆದಿದೆ. ಸಹಿ ಹಾಕಿ, ಹೆಸರು ನಿಮ್ಮ ಕಂಪನಿಗೇ.”

ವಕೀಲರು ಪೆನ್ನು ತೆಗೆದರು. ಫೋನ್ ನೋಡಿ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. “ಹನ್ನೆರಡು ದಾಟಲಿ ಸರ್. ಈಗ ರಾಹುಕಾಲ.”

ಆ ಫೋನಿನಲ್ಲಿ ಹೆಡೆ ಎತ್ತಿದ್ದುದು ಮಂದಾಕಿನಿಯೇ ತನ್ನ ಆ್ಯಪಿಗೆಂದು ಬಿಡಿಸಿದ್ದ ಸೊಟ್ಟ ಹಾವು.

“ಸರ್, ಅವರು ನೋಡಿದ್ದು ನನ್ನ ಗಳಿಗೇನೇ!” ಎಂದು ಅವಳು ಎದ್ದು ನಿಂತಳು.

ಅಧಿಕಾರಿ ತಮ್ಮ ಫೋನ್ ತೆಗೆದು ಕಣ್ಣು ಕಿರಿದು ಮಾಡಿ ನೋಡಿದರು.

“ಹೌದಲ್ರೀ, ನನ್ನ ಗಳಿಗೇಲೂ ಹನ್ನೆರಡರ ತನಕ ಇದೆ. ದಾಟಿದ ಮೇಲೇ ಸಹಿ ಹಾಕಿ.”